ಸೌರಸ್ಫೋಟಕ್ಕೂ ನಮ್ಮ ಬಿಸಿಲಿಗೂ ನಂಟಿದೆಯೇ?

ಪ್ರಶ್ನೆ: ಸೂರ್ಯನಲ್ಲಿ ಸ್ಫೋಟವಾದಾಗ ಬಿಸಿಲು ಏರುತ್ತದೆ, ಕರೆಂಟ್ ಹೋಗುತ್ತದೆ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿವೆ. ನಿಜವೇ? ಭತ್ತಕ್ಕೆ ಔಷಧಿ ಸಿಂಪಡಿಸುವ ಡ್ರೋನ್‌ಗೆ ತೊಂದರೆಯಾದೀತೇ?
– ರೈತರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಬಿಸಿಲಿಗೂ ಈ ಸ್ಫೋಟಗಳಿಗೂ ಸಂಬಂಧವಿಲ್ಲ. ಸೂರ್ಯನ ಚಟುವಟಿಕೆ ಏರಿ ಇಳಿಯುವ ಸುಮಾರು 11 ವರ್ಷಗಳ ಸೌರಚಕ್ರದಲ್ಲಿ ಭೂಮಿಗೆ ತಲುಪುವ ಒಟ್ಟು ಶಕ್ತಿ ಶೇ 0.1ರಷ್ಟು ಮಾತ್ರ ಏರಿಳಿಯುತ್ತದೆ. ನಿಮ್ಮಲ್ಲಿ ಮೇ ಮೊದಲ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ಮೋಡವೂ ಇರುವುದಿಲ್ಲ, ಎರೆಭೂಮಿಯಲ್ಲಿ ತೇವವೂ ಉಳಿದಿರುವುದಿಲ್ಲ. ಉರಿಗೆ ಇಷ್ಟು ಸಾಕು. ಆಗಸ್ಟ್‌ನಲ್ಲಿ ಅವನು ಮತ್ತೆ ನೆತ್ತಿಗೆ ಬಂದರೂ ಮುಂಗಾರಿನ ಮೋಡ ಅಡ್ಡವಿರುತ್ತದೆ.

ಸ್ಫೋಟದ ವೇಳೆ ಸೂರ್ಯನಲ್ಲಿ ಹಠಾತ್ತಾಗಿ ಹೊಮ್ಮುವ ಬೆಳಕಿನ (ಸೌರಜ್ವಾಲೆಯ) ಕ್ಷ-ಕಿರಣಗಳು ಎಂಟು ನಿಮಿಷಗಳಲ್ಲಿ ಭೂಮಿಯನ್ನು ಮುಟ್ಟುತ್ತವೆ. ಸೂರ್ಯನ ಹೊರ ಪ್ರಭಾವಲಯದಿಂದ ಸಿಡಿಯುವ, ನೂರಾರು ಕೋಟಿ ಟನ್ ತೂಗುವ ವಿದ್ಯುದಾವಿಷ್ಟ ಅನಿಲರಾಶಿಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದು ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ ಮಾತ್ರ ಭೂಮಿಯ ಕಾಂತಕವಚ ಹೆಚ್ಚು ಕದಡುತ್ತದೆ; ಇದೇ ಭೂಕಾಂತೀಯ ಬಿರುಗಾಳಿ. ಆ ಕಾಂತಕ್ಷೇತ್ರದ ದಿಕ್ಕನ್ನು ಮುಂಚಿತವಾಗಿ ಅಳೆಯಲೆಂದೇ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ ಕಾಂತಮಾಪಕವಿದೆ.

1989ರ ಮಾರ್ಚ್‌ನಲ್ಲಿ ಇಂಥ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿತ್ತು. ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದಂಥ ಉದ್ದನೆಯ ತಂತಿಗಳಲ್ಲೂ ಕಾಂತಕ್ಷೇತ್ರದ ಏರಿಳಿತದಿಂದ ಹುಟ್ಟುವ (ಪ್ರೇರಿತ) ವಿದ್ಯುತ್ ಹರಿಯಬಲ್ಲದಾದರೂ, ಕಾಂತೀಯ ಧ್ರುವಗಳಿಂದ ಬಹುದೂರವಿರುವ ನಮಗೆ ಆ ಅಪಾಯ ಕಡಿಮೆ. ಸಂಜೆ ಕರೆಂಟ್ ಹೋದರೆ ಮೊದಲು ಊರಿನ ಟಿಸಿಯನ್ನೇ (ಟ್ರಾನ್ಸ್‌ಫಾರ್ಮರ್) ನೋಡುವುದು ಒಳ್ಳೆಯದು.

ಡ್ರೋನ್ ವಿಷಯದಲ್ಲಿ ನಿಮ್ಮ ಶಂಕೆ ಸರಿಯಾಗಿದೆ. ಉಪಗ್ರಹಗಳಿಂದ ಬರುವ ಜಿಪಿಎಸ್ ಸಂಕೇತಗಳು ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರವಾದ ಅಯಾನುಗೋಳವನ್ನು ದಾಟಿ ಬರಬೇಕು. ಅದು ಕದಡಿದರೆ ಸ್ಥಾನದ ಲೆಕ್ಕ ತಪ್ಪುತ್ತದೆ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಅಮೆರಿಕದ ರೈತರು ಜಿಪಿಎಸ್ ಆಧಾರಿತ ಟ್ರ್ಯಾಕ್ಟರ್‌ಗಳನ್ನು ನಿಲ್ಲಿಸಿ ಬಿತ್ತನೆಯನ್ನೇ ಮುಂದೂಡಬೇಕಾಯಿತು. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆಯಾದ ಕಾಂತೀಯ ಸಮಭಾಜಕ ತಮಿಳುನಾಡಿನ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ, ಬಿರುಗಾಳಿ ಇಲ್ಲದ ದಿನಗಳಲ್ಲೂ ಸೂರ್ಯಾಸ್ತದ ನಂತರ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ, ನಮ್ಮ ಮೇಲಿನ ಅಯಾನುಗೋಳ ಅಸ್ಥಿರವಾಗಿರುತ್ತದೆ. ಆದ್ದರಿಂದ ಸಿಂಪಡಣೆಯನ್ನು ಹೊತ್ತು ಮುಳುಗುವ ಮೊದಲೇ ಮುಗಿಸಿ. ಆರ್‌ಟಿಕೆ (ಜಿಪಿಎಸ್ ಸ್ಥಾನವನ್ನು ಇನ್ನಷ್ಟು ನಿಖರಗೊಳಿಸುವ ವ್ಯವಸ್ಥೆ) ಇರುವ ಡ್ರೋನಾದರೆ ರಿಮೋಟ್‌ನ ಪರದೆಯಲ್ಲಿ ‘ಫಿಕ್ಸ್’ (ಸ್ಥಾನ ನಿಖರ) ಬದಲು ‘ಫ್ಲೋಟ್’ (ಸ್ಥಾನ ಅಂದಾಜು) ಎಂದು ಕಂಡರೆ ಹಾರಿಸಬೇಡಿ. ಹಾರಾಟದ ನಡುವೆ ಸಂಕೇತ ತಪ್ಪಿದರೆ ಡ್ರೋನ್ ಗಾಳಿಗೆ ಪಕ್ಕದ ಹೊಲದತ್ತ ಸರಿಯಬಹುದು. ತಾನಾಗಿ ಮರಳುವ ಗುಂಡಿಯೂ ಜಿಪಿಎಸ್ಸನ್ನೇ ನಂಬಿರುವುದರಿಂದ, ಕೈಯಿಂದಲೇ ಇಳಿಸಬಲ್ಲ ಪೈಲಟ್ ಹೊಲದಲ್ಲಿರಬೇಕು.