ಬಿಸಿಯಾದಾಗ ಸ್ಟಾರ್ಟ್ ಆಗದ ಹಳೇ ಬೆಂಜ್

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1996ರ ಬೆಂಜ್ ಇ220 ಪೆಟ್ರೋಲ್ ಕಾರು ಇದೆ. ದಾವಣಗೆರೆಗೆ ಬಂದು ಬಿಸಿಲಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಇಂಜಿನ್ ಸುಮ್ನೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಗಂಟೆ ಬಿಟ್ಟರೆ ಸರಾಗ ಸ್ಟಾರ್ಟ್ ಆಗುತ್ತದೆ. ಒಬ್ಬ ಮೆಕ್ಯಾನಿಕ್ ಫ್ಯೂಯಲ್ ಪಂಪ್ ಹೊಸದು ಹಾಕಿದರೂ ಅದೇ ಕಥೆ. ಬೆಳಿಗ್ಗೆ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ) ಮಿಸ್ಸಿಂಗ್ ಬೇರೆ, ಬಿಟ್ಟು ಬಿಟ್ಟು ಓಡುತ್ತದೆ. ಮಾರಿಬಿಡಲೇ?
– ಓದುಗರು, ಚಿತ್ರದುರ್ಗ

ಉತ್ತರ: ಮಾರಬೇಡಿ ಸಾರ್. ತಣ್ಣಗಿದ್ದಾಗ ಸರಾಗ ಸ್ಟಾರ್ಟ್ ಆಗುವ ಇಂಜಿನ್ನಿನ ಹೊಟ್ಟೆ ಕೆಟ್ಟಿರುವುದಿಲ್ಲ. ಬಿಸಿಗೆ ಯಾವುದೋ ಒಂದು ಕೈಕೊಡುತ್ತಿದೆ, ಅಷ್ಟೇ.

ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಇಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕೂಡುವ ಕಡೆ ಇರುತ್ತದೆ. ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದೇ ಅದು. ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ವಯಸ್ಸಾದ ಮೇಲೆ ಬಿಸಿಗೆ ಅದು ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಗಾಡಿ ನಿಲ್ಲಿಸಿದ ಮೇಲೆ ನೀರೂ ಓಡುವುದಿಲ್ಲ, ಗಾಳಿಯೂ ಆಡುವುದಿಲ್ಲ. ಬಾನೆಟ್ ಒಳಗಿನ ಕಾವು ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಕೇಳಬೇಕಾ? ನಿಮ್ಮ ಹತ್ತು ನಿಮಿಷದ ಲೆಕ್ಕ ಅದೇ.

ಪಂಪಿನ ಮೇಲೆ ತಪ್ಪು ಹೊರಿಸುವುದು ಇದರಿಂದಲೇ. ಕೀ ತಿರುಗಿಸಿದಾಗ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತದೆ. ಆಮೇಲೆ ಕ್ರ್ಯಾಂಕ್ ಸೆನ್ಸರಿನಿಂದ ಸಿಗ್ನಲ್ ಬಂದರೆ ಮಾತ್ರ ಕಂಪ್ಯೂಟರ್ ಅದನ್ನು ಓಡಿಸುತ್ತದೆ. ಪಂಪ್ ಸುಮ್ಮನಿದೆ ಅಂತ ಪಂಪನ್ನೇ ಬದಲಿಸಿದರೆ ದುಡ್ಡು ದಂಡ.

ಮುಂದಿನ ಸಲ ಕೈಕೊಟ್ಟಾಗ ತಣ್ಣಗಾಗಲು ಬಿಡಬೇಡಿ. ಪರೀಕ್ಷೆಗೆ ಅದೇ ಸರಿಯಾದ ಹೊತ್ತು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಚೂರೂ ಅಲುಗದಿದ್ದರೆ ಅನುಮಾನ ಗಟ್ಟಿ. ಸೆನ್ಸರಿನ ಕನೆಕ್ಟರ್ ಬಿಚ್ಚಿ ಮೀಟರಿನಲ್ಲಿ ಓಮ್ (ತಂತಿಯ ರೋಧ) ನೋಡಿಸಿ. ತಣ್ಣಗಿದ್ದಾಗ ರೀಡಿಂಗ್ ಬಂದು, ಬಿಸಿಯಲ್ಲಿ ಬರದಿದ್ದರೆ ಸೆನ್ಸರ್ ಬದಲಿಸಿ, ಕಂಪನಿ ಮಾಲನ್ನೇ ಹಾಕಿಸಿ. ರೀಡಿಂಗ್ ಸರಿ ಇದ್ದರೆ ಫ್ಯೂಯಲ್ ಪಂಪ್ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ತೆಗೆದು ಒಳಗಿನ ಬೆಸುಗೆ ಬಿರುಕು ಬಿಟ್ಟಿದೆಯಾ ನೋಡಲಿ.

ಇನ್ನೊಂದು ಮಾತು. 90ರ ದಶಕದ ನಡುವಿನ ಬೆಂಜ್‌ಗಳಲ್ಲಿ ಇಂಜಿನ್ ವೈರುಗಳ ಮೇಲಿನ ಹೊದಿಕೆ ಬಿಸಿಗೆ ಪುಡಿಪುಡಿಯಾಗುತ್ತದೆ. ವೈರನ್ನು ಬಗ್ಗಿಸಿದರೆ ಉದುರುತ್ತಿದ್ದರೆ ಟೇಪ್ ಸುತ್ತಿ ಬಿಡಬೇಡಿ, ಹಾರ್ನೆಸ್ (ವೈರುಗಳ ಇಡೀ ಕಟ್ಟು) ಹೊಸದು ಮಾಡಿಸಿ. ಇದೇ ನಿಮ್ಮ ಎರಡು ತೊಂದರೆಗೂ ಕಾರಣ ಆಗಿರಬಹುದು.

ಇನ್ನು ಮಿಸ್ಸಿಂಗ್. ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್ ಸೋರಿ ಪ್ಲಗ್ ಗುಂಡಿಗಳಲ್ಲಿ ಆಯಿಲ್ ನಿಂತಿದೆಯಾ ನೋಡಿ. ಐಡಲಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿ. ಯಾವುದನ್ನು ಬಿಚ್ಚಿದರೂ ಶಬ್ದ ಬದಲಾಗದೋ ಆ ಸಿಲಿಂಡರೇ ಸತ್ತಿರುವುದು. ಪ್ಲಗ್ ವೈರ್ ಮಾತ್ರ ಕೀಳಬೇಡಿ, ಶಾಕ್ ಹೊಡೆಯುತ್ತದೆ. ಈ ಇಂಜಿನ್ನಿಗೆ ಇರುವುದು ಎರಡು ಕಾಯಿಲ್, ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಕೊಡುವುದು ಅವೇ. ಒಂದು 1, 4ನೇ ಸಿಲಿಂಡರಿಗೆ, ಇನ್ನೊಂದು 2, 3ಕ್ಕೆ. ಜೋಡಿ ಒಟ್ಟಿಗೇ ಸತ್ತಿದ್ದರೆ ಕಾಯಿಲ್ ನೋಡಿಸಿ. ಒಂದೇ ಸತ್ತಿದ್ದರೆ ಪ್ಲಗ್ ಮತ್ತು ವೈರಿನಿಂದ ಶುರು ಮಾಡಿ.