ಮುಖ ಹಸಿರು, ಗೋಡೆ ಕೆಂಪು: ಆಕೆಗೆ ಸಿಟ್ಟೋ, ದುಃಖವೋ?

ಪ್ರಶ್ನೆ: ಮೊನ್ನೆ ಮನೆಯವರೆಲ್ಲ ಮುಂಬೈಯ ಕಾಲಾ ಘೋಡಾದಲ್ಲಿ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆವು. ಅಲ್ಲೊಂದು ದೊಡ್ಡ ತೈಲಚಿತ್ರ. ಕುರ್ಚಿಯಲ್ಲಿ ಕೂತ ಹೆಂಗಸು, ಬೂದು ಹಸಿರು ಮುಖ, ಗುಡ್ಡೆಯಿಲ್ಲದ ಕಪ್ಪು ಕಣ್ಣು, ಹಿಂದೆ ಕೆಂಪು ಗೋಡೆ. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿತ್ತು. ಆಕೆ ದುಃಖದಲ್ಲಿದ್ದಾಳೆ ಅಂತ ನನಗನ್ನಿಸಿತು. ನಮ್ಮ ಯಜಮಾನರು ಸಿಟ್ಟು ಅಂದರು. ಮಗಳು 'ಸುಮ್ನೆ ಬಣ್ಣ ಅಷ್ಟೇ, ಅರ್ಥ ಹುಡುಕಬೇಡಿ' ಅಂದಳು. ಯಾರು ಸರಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೀವು ಮುಖ ನೋಡಿದ್ದೀರಿ, ಯಜಮಾನರು ಗೋಡೆ ನೋಡಿದ್ದಾರೆ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಆ ಕೈ.

ಸಿನಿಮಾ, ಫೋಟೋ ನೋಡಿ ನೋಡಿ ಭಾವ ಅಂದರೆ ಮುಖದಲ್ಲೇ ಇರಬೇಕು ಅಂತ ನಮಗೆ ಅಭ್ಯಾಸವಾಗಿದೆ. ಕಳೆದ ಶತಮಾನದ ಎಷ್ಟೋ ಚಿತ್ರಕಾರರು ಆ ಕೆಲಸವನ್ನು ಮೈಗೆಲ್ಲ ಹಂಚಿಬಿಟ್ಟರು. ಕತ್ತಿನ ಬಾಗು, ಹೆಗಲು, ಬೆರಳು, ಆಸುಪಾಸಿನ ಖಾಲಿ ಜಾಗ ಕೂಡ. ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ 'ಮೂವರು ಹುಡುಗಿಯರು' ನೋಡಿ. 1937ರಲ್ಲಿ ನಮ್ಮ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಪಡೆದ ಚಿತ್ರ ಅದು. ಯಾರೂ ಅಳುತ್ತಿಲ್ಲ. ಮೂವರೂ ಒತ್ತಾಗಿ ಕೂತಿದ್ದಾರೆ, ಆದರೆ ಒಬ್ಬಳೂ ಇನ್ನೊಬ್ಬಳ ಕಡೆ ನೋಡುತ್ತಿಲ್ಲ, ಅಷ್ಟು ಹತ್ತಿರ ಇದ್ದೂ ಒಬ್ಬೊಬ್ಬಳೂ ಒಂಟಿ. ಸಂಕಟ ಬರುವುದೇ ಅಲ್ಲಿಂದ. ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳಲ್ಲೂ ಖುಷಿ ಇರುವುದು ಬೆನ್ನು, ಕೈಕಾಲುಗಳ ಗೆರೆಯಲ್ಲಿ.

ಇನ್ನು ಬಣ್ಣ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದರೆ ರಾಕ್ಷಸ ಅಂತ ಮಕ್ಕಳಿಗೂ ಗೊತ್ತು. ಈ ಚಿತ್ರಗಳಲ್ಲಿ ಹಾಗೆ ಮೊದಲೇ ಗೊತ್ತುಮಾಡಿದ ಅರ್ಥ ಇಲ್ಲ. ಕೆಂಪು ಕಂಡ ಕೂಡಲೇ ಸಿಟ್ಟು ಅನ್ನಬೇಡಿ. ಹಸಿರಿನ ಪಕ್ಕ ಇಟ್ಟರೆ ಕೆಂಪು ಇನ್ನೂ ಉರಿಯುತ್ತದೆ, ಆ ಗೋಡೆ ಇದ್ದುದಕ್ಕೇ ಮುಖ ನಿಮಗೆ ಅಷ್ಟು ಸೊರಗಿದಂತೆ ಕಂಡಿರಬಹುದು.

ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಚಿತ್ರಕಾರ ಕೆರೆಯಬಹುದು, ಒರೆಸಬಹುದು, ಮತ್ತೆ ಬಳಿಯಬಹುದು. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕೈ ಇರುವಲ್ಲಿ ಬಣ್ಣ ಪದರಪದರವಾಗಿ ಕೂತು, ಮುಖದಲ್ಲಿ ಮಾತ್ರ ಕ್ಯಾನ್ವಾಸಿನ ನೇಯ್ಗೆ ಕಾಣುವಷ್ಟು ತೆಳುವಾಗಿದ್ದರೆ, ಅವರು ಯಾವುದರ ಮೇಲೆ ಹೆಚ್ಚು ಹೊತ್ತು ಒದ್ದಾಡಿದ್ದಾರೆ ಅನ್ನುವುದರ ಸುಳಿವು ಸಿಗುತ್ತದೆ.

ಬಣ್ಣ ದಪ್ಪಗಿದ್ದಲ್ಲೇ ಭಾವ ಜಾಸ್ತಿ ಅಂತಲೂ ಅಲ್ಲ. ತಯ್ಯಬ್ ಮೆಹ್ತಾ ಅವರ ನಂತರದ ಚಿತ್ರಗಳಲ್ಲಿ ಬಣ್ಣ ಪೂರ್ತಿ ಸಪಾಟು. ಆದರೂ ಅವುಗಳಲ್ಲಿ ಬೀಳುತ್ತಿರುವ ದೇಹಗಳನ್ನು ನೋಡಿದರೆ ಹೊಟ್ಟೆ ಹಿಂಡುತ್ತದೆ. 1947ರ ಗಲಭೆಯಲ್ಲಿ ಇಲ್ಲೇ ಮಹಮ್ಮದ್ ಅಲಿ ರಸ್ತೆಯಲ್ಲಿ ಗುಂಪು ಒಬ್ಬನನ್ನು ಕೊಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಇದು ತಿಳಿದ ಮೇಲೆ ಚಿತ್ರ ಇನ್ನೂ ತಟ್ಟುತ್ತದೆ, ನಿಜ. ಆದರೆ ಮೊದಲೇ ಓದಿಕೊಂಡು ಹೋದರೆ ಕಣ್ಣು ಆ ಕಥೆಯನ್ನಷ್ಟೇ ಹುಡುಕುತ್ತದೆ. ಚಿತ್ರದ ಪಕ್ಕ ಗೋಡೆಗೆ ಹಾಕಿದ ವಿವರದ ಚೀಟಿಯನ್ನು ಕೊನೆಗೆ ಓದಿ.

ನಿಮ್ಮ ಹೆಂಗಸಿನ ವಿಷಯಕ್ಕೆ ಬರೋಣ. ಸಿಟ್ಟಿನಲ್ಲಿ ಕೈ ಮುಂದಕ್ಕೆ ಬರುತ್ತದೆ, ದುಃಖದಲ್ಲಿ ಸೋತು ತೊಡೆಯ ಮೇಲೆ ಬೀಳುತ್ತದೆ. ಈಕೆಯ ಕೈ ತನ್ನನ್ನೇ ಹಿಡಿದುಕೊಂಡಿದೆ. ಏನನ್ನೋ ತಡೆದುಕೊಳ್ಳುತ್ತಿದ್ದಾಳೆ ಅಂತ, ನಿಮ್ಮ ವಿವರ ಓದಿ ನನಗನ್ನಿಸುತ್ತದೆ. ತಡೆದದ್ದು ಕೋಪವೋ ಅಳುವೋ? ಅದನ್ನು ಹೆಗಲು ಹೇಳಬೇಕು. ಬಿಗಿದು ಮೇಲೆದ್ದಿತ್ತಾ, ಇಳಿದಿತ್ತಾ? ನೀವು ಬರೆದಿಲ್ಲ.

ಮಗಳ ಮಾತನ್ನು ತಳ್ಳಿಹಾಕಬೇಡಿ. ಅಲ್ಲಿರುವುದು ಬಣ್ಣವೇ ಅಲ್ವಾ? ಆದರೆ 'ಅಷ್ಟೇ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮನುಷ್ಯರ ಆಕಾರ ಕಂಡರೆ ನಮ್ಮ ಮೈ ತಾನಾಗಿ ಅದರ ಜೊತೆ ಹೋಗುತ್ತದೆ. ಚಿತ್ರದ ಹೆಂಗಸಿನ ಹಾಗೇ ಕೂತು, ಮಣಿಕಟ್ಟು ಗಟ್ಟಿಯಾಗಿ ಹಿಡಿದು ನೋಡಲು ಮಗಳಿಗೆ ಹೇಳಿ. ಪ್ರದರ್ಶನ ಮುಗಿಯುವ ಮೊದಲು ಇನ್ನೊಮ್ಮೆ ಹೋದರೆ, ಹೆಗಲು ಹೇಗಿತ್ತು ಅಂತ ನನಗೂ ಬರೆಯಿರಿ.