ಉಪ್ಪುನೀರಿನ ತರಕಾರಿಗೆ ಬಿಳಿ ಪೊರೆ ಬಂದರೆ

ಹುಳಿ ಬರಲೆಂದು ಉಪ್ಪುನೀರಿನಲ್ಲಿಟ್ಟ ತರಕಾರಿಗೆ ನಾಲ್ಕನೇ ದಿನಕ್ಕೇ ಬಿಳಿ ಪೊರೆ ಬಂತು, ಕೆಡದಂತೆ ತಡೆಯುವ ಸೋಡಿಯಂ ಬೆಂಜೊಯೇಟ್ ಹಾಕಲೇಬೇಕಾ ಎಂದು ಕೇಳಿದ್ದೀರಿ. ಬೇಡ. ಹೋಳುಗಳು ನೀರಿನಿಂದ ಮೇಲೆದ್ದು ಗಾಳಿ ತಾಗಿರಬೇಕು. ಉಪ್ಪೂ ಕಡಿಮೆಯಾಗಿರಬಹುದು. ಪೊರೆ ತೆಳ್ಳಗೆ, ಚಪ್ಪಟೆಯಾಗಿದ್ದರೆ ಅದು ಬಹುಶಃ ಯೀಸ್ಟ್. ಫೋಟೊ ನೋಡದೆ ಖಚಿತವಾಗಿ ಹೇಳಲಾರೆ. ಯೀಸ್ಟ್ ಆದರೆ ಕೆನೆಯಂತೆ ತೆಗೆದುಬಿಡಿ, ಸಾಕು. ಆದರೆ ರೋಮದಂತೆ ಎದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಬಣ್ಣವಿದ್ದರೆ ಇಡೀ ಜಾಡಿ ಚೆಲ್ಲಿ. ರುಚಿ ನೋಡಲು ಹೋಗಬೇಡಿ.

ಮುಂದಿನ ಸಲ ಉಪ್ಪನ್ನು ಚಮಚದಲ್ಲಿ ಅಳೆಯದೆ ತೂಕ ಮಾಡಿ ಹಾಕಿ. ತರಕಾರಿ, ನೀರು ಸೇರಿ 1 ಕೆಜಿ ಇದ್ದರೆ 25 ಗ್ರಾಂ. ಆಮೇಲೆ ಭಾರ ಇಟ್ಟು ಎಲ್ಲ ಹೋಳೂ ಮುಳುಗಿಸಿ. ಗ್ಯಾಸ್ ಹೊರಹೋಗಲು ಮುಚ್ಚಳ ಸಡಿಲವಿರಲಿ. 18ರಿಂದ 22 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಸೆಕೆ ಜಾಸ್ತಿಯಾದರೆ ಹೋಳು ಮೆತ್ತಗಾಗುತ್ತದೆ. ಇಷ್ಟು ಉಪ್ಪಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದು ಹುಳಿ ಬರಿಸುತ್ತವೆ. ಕೆಡಿಸುವ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಆ ಹುಳಿ ಆಗದು. ಹಾಗಾಗಿ ಬೆಂಜೊಯೇಟ್ ಇಲ್ಲದೆಯೂ ನಡೆಯುತ್ತದೆ ಅಲ್ವಾ.

ಸುಮ್ನೆ ವಾಸನೆ ನೋಡಿ ನಂಬಬೇಡಿ, ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿ ಅದ್ದಿ. ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. 4.6ಕ್ಕಿಂತ ಕೆಳಗಿಳಿಯಲೇಬೇಕು, 4ರ ಒಳಗೆ ಬಂದರೆ ನನಗೆ ನೆಮ್ಮದಿ. ಬಂದ ಮೇಲೆ ಫ್ರಿಜ್‌ನಲ್ಲಿಡಿ. ಈಗಿನ ಜಾಡಿಗೂ ಇದೇ ಪರೀಕ್ಷೆ ಮಾಡಿ, ಆಮೇಲಷ್ಟೇ ತಿನ್ನಿ.